ಹಿಟ್ಟೋ, ಎರರ್ರೋ?

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಬೇಸ್‌ಬಾಲ್ ಆಡಿದವನಲ್ಲ. ತಿಪಟೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿದ್ದೇನೆ, ಅದೂ ಹನ್ನೊಂದನೆಯವನು ಬರದಿದ್ದ ದಿನ. ನ್ಯೂಜೆರ್ಸಿಗೆ ಬಂದ ಮೇಲೆ ಮಗ ಬ್ಯಾಟು ಹಿಡಿದ, ನಾನು ಪೆನ್ಸಿಲ್ ಹಿಡಿದೆ. ನಾಲ್ಕು ವರ್ಷ ಅವನ ಹೈಸ್ಕೂಲ್ ತಂಡದ ಸ್ಕೋರ್ ಪುಸ್ತಕ ಬರೆದಿದ್ದೇನೆ. ಮಗ ಹೆಚ್ಚು ಕಾಲ ಬೆಂಚಿನ ಮೇಲೇ ಕೂತಿದ್ದ. ಹಾಗಾಗಿ ನನಗೆ ಆಟ ನೋಡುವುದಕ್ಕೆ ಬಿಡುವು ಚೆನ್ನಾಗಿಯೇ ಸಿಕ್ಕಿತು.

ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಇದೆ. ಶಾಲು, ಹಾರ, ಮೈಸೂರು ಪೇಟ ಎಲ್ಲ ಆ ಮೇಜಿನ ಮೇಲೆ ಕಾಯುತ್ತಿವೆ. ಅದಕ್ಕೆ ಮುಂಚೆ ಕ್ರೀಡೆಯ ಬಗ್ಗೆ ಎರಡು ಒಳ್ಳೆ ಮಾತಾಡಿ ಅಂದರು ಕಾರ್ಯದರ್ಶಿಗಳು. ಒಳ್ಳೆ ಮಾತಾಡುವವರು ನಮ್ಮ ಕನ್ನಡ ಕೂಟದಲ್ಲಿ ಬೇಕಾದಷ್ಟು ಜನ ಇದ್ದಾರೆ, ನನ್ನನ್ನು ಯಾಕೆ ಕರೆದರೋ ಗೊತ್ತಿಲ್ಲ. ಕರೆದ ತಪ್ಪಿಗೆ ಕೇಳಿ.

ನಾನು ಹೇಳಬೇಕಾಗಿರುವುದು ಒಂದೇ. ಸನ್ಮಾನ ಮಾಡುವ ಮುಂಚೆ ಪುಸ್ತಕ ತೆಗೀರಿ. ಹೆಸರು ಕೇಳಿ ಹಾರ ಹಾಕಬೇಡಿ.

ಪುಸ್ತಕ ಅಂದರೇನು ಅಂತ ಹೇಳುತ್ತೇನೆ. ಇಲ್ಲಿ ಕೂತಿರುವವರೆಲ್ಲ ಕ್ರಿಕೆಟ್ಟಿನವರು. ಕ್ರಿಕೆಟ್ಟಿನಲ್ಲಿ ಫೀಲ್ಡರ್ ಕಾಲ ಸಂದಿಯಲ್ಲಿ ಬಾಲ್ ಬಿಟ್ಟರೆ ಬ್ಯಾಟ್ಸ್‌ಮನ್ ಪುಣ್ಯ. ನಾಲ್ಕು ರನ್ ಅವನದೇ. ಬೇಸ್‌ಬಾಲ್ ಅಷ್ಟು ಧಾರಾಳಿ ಅಲ್ಲ. ಸಾಧಾರಣ ಶ್ರಮದಲ್ಲಿ ಹಿಡಿಯಬಹುದಾಗಿದ್ದ ಬಾಲನ್ನು ಫೀಲ್ಡರ್ ಬಿಟ್ಟರೆ ಅದು ಎರರ್. ಬ್ಯಾಟರ್ ಬೇಸ್ ಮುಟ್ಟಿದರೂ ಅವನ ಲೆಕ್ಕದಲ್ಲಿ ಅದು ಹಿಟ್ ಅಲ್ಲ, ಅಂದರೆ ಸ್ವಂತ ಹೊಡೆತದ ಗಳಿಕೆ ಅಲ್ಲ. ಔಟಾದ ಹಾಗೆಯೇ ಸರಾಸರಿ ಇಳಿಯುತ್ತದೆ. ಹಾಗಾದರೆ ಸಾಧಾರಣ ಶ್ರಮ ಎಷ್ಟು, ಅಸಾಧಾರಣ ಎಷ್ಟು? ಅದನ್ನು ತೀರ್ಮಾನ ಮಾಡುವವನು ಸ್ಕೋರರ್. ಹೈಸ್ಕೂಲಿನಲ್ಲಿ ಸಾಮಾನ್ಯವಾಗಿ ಆತಿಥೇಯ ತಂಡದ ಪುಸ್ತಕವೇ ಅಧಿಕೃತ. ಅಂದರೆ, ನಮ್ಮ ಮೈದಾನದಲ್ಲಿ ಆಡಿದ ದಿನ ಆ ತೀರ್ಮಾನ ತಿಪಟೂರಿನ ಈ ಹನ್ನೆರಡನೇ ಆಟಗಾರನದು!

ಒಂದು ಸೀಸನ್ನಿನಲ್ಲಿ ಒಬ್ಬ ಹುಡುಗ ಸುಮಾರು 80 ಸಲ ಬ್ಯಾಟ್ ಮಾಡಿದ ಅಂದುಕೊಳ್ಳಿ. 28 ಹಿಟ್ ಆದರೆ ಸರಾಸರಿ .350. 32 ಆದರೆ .400. ನಾನೂರು ಅಂದರೆ ಊರೆಲ್ಲ ತಿರುಗಿ ನೋಡುತ್ತದೆ. ನಡುವೆ ಇರುವುದು ನಾಲ್ಕೇ ಹಿಟ್. ಎರಡೂವರೆ ತಿಂಗಳಲ್ಲಿ ನಾಲ್ಕು ಸಲ ಪೆನ್ಸಿಲ್ ಆ ಕಡೆ ವಾಲಿದರೆ ಸಾಕು.

ವಾಲುತ್ತದೆಯಾ? ವಾಲುತ್ತದೆ. ನನ್ನದೇ ವಾಲಿದೆ.

ಏಪ್ರಿಲ್ ತಿಂಗಳು. ನ್ಯೂಜೆರ್ಸಿ ಏಪ್ರಿಲ್ ನಿಮಗೆ ಗೊತ್ತು, ಕ್ಯಾಲೆಂಡರಿನಲ್ಲಿ ವಸಂತ, ಮೈದಾನದಲ್ಲಿ ಡಿಸೆಂಬರ್. ಮಡಚುವ ಕುರ್ಚಿ, ಕಂಬಳಿ, ಫ್ಲಾಸ್ಕಿನಲ್ಲಿ ಕಾಫಿ. ನಮ್ಮ ತಂಡದಲ್ಲಿ ಒಬ್ಬ ಹುಡುಗ ಇದ್ದ. ಒಂಬತ್ತನೇ ತರಗತಿಯಲ್ಲೇ ಪೇಪರಿನಲ್ಲಿ ಫೋಟೋ ಬಂದಿತ್ತು. ಆಮೇಲೆ ಅವನು ಹುಡುಗನಾಗಿ ಉಳಿಯಲಿಲ್ಲ, ಹೆಸರಾದ. ಆ ದಿನ ಎರಡು ಔಟ್ ಆಗಿತ್ತು. ಅವನು ಹೊಡೆದ. ಬಾಲು ನೆಲದ ಮೇಲೆ ಎರಡು ಸಲ ಪುಟಿದು ನೇರ ಶಾರ್ಟ್‌ಸ್ಟಾಪ್ ಹತ್ತಿರ, ಅಂದರೆ ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್ ಹತ್ತಿರ ಹೋಯಿತು. ಅವನು ಬಗ್ಗಿದ. ಗ್ಲೌಸಿನ ಕೆಳಗೆ, ಎರಡು ಕಾಲಿನ ಮಧ್ಯೆ, ಮದುವೆ ಮೆರವಣಿಗೆ ಹೋದ ಹಾಗೆ ಬಾಲು ಹೋಯಿತು. ನಾನು ಬರೆದೆ: ಇ-6. ಇ ಅಂದರೆ ಎರರ್, 6 ಅಂದರೆ ಶಾರ್ಟ್‌ಸ್ಟಾಪ್.

ಬೇಲಿಯ ಹಿಂದಿನಿಂದ ಹುಡುಗನ ಅಪ್ಪ. ಕೈಯಲ್ಲಿ ಫೋನು. ಈಗ ಗೇಮ್‌ಚೇಂಜರ್ ಅಂತ ಆ್ಯಪ್ ಇದೆ. ಇಲ್ಲಿ ಒತ್ತಿದ್ದು ಆ ಕ್ಷಣಕ್ಕೆ ಎಲ್ಲರ ಫೋನಿನಲ್ಲೂ ಕಾಣುತ್ತದೆ. (ನಮ್ಮಮ್ಮ ತಿಪಟೂರಿನಲ್ಲಿ ರಾತ್ರಿ ಒಂದೂವರೆಗೆ ಎದ್ದು ಮೊಮ್ಮಗನ ಆಟ ನೋಡುತ್ತಿದ್ದರು. ಬೆಳಿಗ್ಗೆ ಫೋನ್ ಮಾಡಿ, "ಇವತ್ತೂ ಕೂತೇ ಇದ್ನೇನೋ ನಿನ್ನ ಮಗ?" ಅಂತ ಕೇಳುತ್ತಿದ್ದರು. ಇರಲಿ.) ಆ ಅಪ್ಪ ಮೆಲ್ಲಗೆ ಕೇಳಿದರು, "ಅದು ಹಿಟ್ ಅಲ್ವಾ? ಎಷ್ಟು ಜೋರಾಗಿ ಹೊಡೆದ ನೋಡಿದ್ರಾ?" ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಹಟ ಹಿಡಿಯುತ್ತಿದ್ದೆನೇನೋ. ನಕ್ಕು ಕೇಳಿದರು, ಮೇಲೆ ಒಂದು ಕಪ್ ಕಾಫಿ ಕೊಟ್ಟರು. ನಾನು ರಬ್ಬರ್ ತೆಗೆದೆ. ಆ್ಯಪಿನಲ್ಲೂ ತಿದ್ದಿದೆ. ಹಿಟ್.

ನಮ್ಮ ಬ್ಯಾಟರ್ ಹೊಡೆದರೆ ಹಿಟ್. ಅದೇ ಬಾಲು ನಮ್ಮ ಪಿಚರ್, ಅಂದರೆ ಕ್ರಿಕೆಟ್ಟಿನ ಬೌಲರ್ ಇದ್ದ ಹಾಗೆ, ಎಸೆದಾಗ ಎದುರಿನವನು ಹೊಡೆದು ನಮ್ಮ ಹುಡುಗ ಬಿಟ್ಟರೆ ಎರರ್, ಯಾಕಂದರೆ ಆಗ ನಮ್ಮ ಪಿಚರ್ ಲೆಕ್ಕ ಕೆಡಬಾರದು. ಇದನ್ನು ನಾಲ್ಕು ವರ್ಷ ನೋಡಿದ್ದೇನೆ. ಯಾರೂ ಕೆಟ್ಟವರಲ್ಲ. ಎಲ್ಲರೂ ಸ್ವಲ್ಪ ಸ್ವಲ್ಪ ನಮ್ಮವರು, ಅಷ್ಟೇ.

ಈಗ ಆ ಪುಸ್ತಕ ಎಲ್ಲಿಗೆ ಹೋಗುತ್ತದೆ ನೋಡೋಣ. ಸೀಸನ್ ಮುಗಿದ ಮೇಲೆ ಆಲ್-ಕಾನ್ಫರೆನ್ಸ್ ಅಂತ ಒಂದು ಆಯ್ಕೆ. ಆ ವಿಭಾಗದ ಕೋಚುಗಳೆಲ್ಲ ಸೇರಿ ಉತ್ತಮ ಆಟಗಾರರನ್ನು ಆರಿಸುತ್ತಾರೆ. ನಮ್ಮದು ಒಂದು ಡೈನರಿನ ಹಿಂದಿನ ರೂಮಿನಲ್ಲಿ ನಡೆಯಿತು. ಪುಸ್ತಕ ಹೊರುವುದಕ್ಕೆ ಕೋಚ್ ನನ್ನನ್ನೂ ಕರೆದುಕೊಂಡು ಹೋದರು. ನಾನು ಮೂಲೆಯಲ್ಲಿ, ತೊಡೆಯ ಮೇಲೆ ಪುಸ್ತಕ. ತಮ್ಮ ಹುಡುಗರಿಗೆ ತಾವೇ ಓಟು ಹಾಕುವ ಹಾಗಿರಲಿಲ್ಲ. ಒಳ್ಳೆ ನಿಯಮ. ಆದರೆ ನಿನ್ನವನಿಗೆ ನಾನು, ನನ್ನವನಿಗೆ ನೀನು ಅನ್ನುವುದಕ್ಕೆ ಯಾವ ನಿಯಮ ಅಡ್ಡ ಬರುತ್ತದೆ? ನಮ್ಮ ಕಡೆ ಸೊಸೈಟಿ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗನ ಹೆಸರು ಬಂತು. ಅದು ಅವನ ಕೊನೆಯ ವರ್ಷ. "ಅವನಾ? ಅವನು ಇರಲೇಬೇಕು, ಹೋದ ವರ್ಷವೂ ಇದ್ದನಲ್ಲ" ಅಂದರು ಒಬ್ಬರು. ಎಲ್ಲರೂ ಕೈ ಎತ್ತಿದರು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ನನ್ನ ತೊಡೆಯ ಮೇಲಿದ್ದ ಪುಸ್ತಕದಲ್ಲಿ ಆ ವರ್ಷ ಅವನದು 69ಕ್ಕೆ 18, ಅಂದರೆ .261. ಅದರಲ್ಲಿ ನಾನು ಉಜ್ಜಿ ಬರೆದದ್ದೂ ಒಂದು. ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದೇ ನನ್ನ ಕೊರಗು. ಪುಸ್ತಕ ತೆಗೆಯಬೇಕಾದವನು ನಾನು, ಕೈಯಲ್ಲೇ ಇತ್ತು, ತೆಗೆಯಲಿಲ್ಲ.

ಕೊನೇ ಸ್ಥಾನದ ತಂಡದಲ್ಲಿ ಒಬ್ಬ ಸೆಕೆಂಡ್ ಬೇಸ್‌ಮನ್ ಇದ್ದ. 71ಕ್ಕೆ 27. ಅವನ ಕೋಚ್ ಮೆತ್ತಗಿನ ಮನುಷ್ಯ. ಅವರ ಸರದಿ ಬರುವ ಹೊತ್ತಿಗೆ ಫ್ರೆಂಚ್ ಫ್ರೈಸ್ ಬಂದಿತ್ತು. ಹುಡುಗನಿಗೆ ಹಾನರಬಲ್ ಮೆನ್ಷನ್ ಸಿಕ್ಕಿತು. ನಮ್ಮ ಭಾಷೆಯಲ್ಲಿ ಸಮಾಧಾನಕರ ಬಹುಮಾನ. ಯಾರಿಗೆ ಸಮಾಧಾನ ಅಂತ ಮಾತ್ರ ಕೇಳಬೇಡಿ.

ಪತ್ರಿಕೆಯವರು ಇಡೀ ರಾಜ್ಯದಿಂದ ಆರಿಸುವ ಆಲ್-ಸ್ಟೇಟ್ ಮಟ್ಟಕ್ಕೆ ಹೋದರೆ ಇನ್ನೂ ಕಷ್ಟ. ಈ ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಹೈಸ್ಕೂಲುಗಳಿವೆ. ಎಲ್ಲ ಆಟವನ್ನೂ ನೋಡುವ ವರದಿಗಾರ ಹುಟ್ಟಿಲ್ಲ. ಇದ್ದವರೂ ಕಡಿಮೆಯಾಗುತ್ತಿದ್ದಾರೆ. ನೆವಾರ್ಕಿನ ಸ್ಟಾರ್-ಲೆಡ್ಜರ್ ಪತ್ರಿಕೆ 2025ರ ಫೆಬ್ರವರಿಯಲ್ಲಿ ಮುದ್ರಣವನ್ನೇ ನಿಲ್ಲಿಸಿತು. ಕಣ್ಣಿಂದ ನೋಡದವನಿಗೆ ಆಸರೆ ಎರಡೇ: ಕೋಚ್ ಕಳಿಸುವ ಅಂಕಿ, ಹೋದ ವರ್ಷದ ಪಟ್ಟಿ.

ಹೆಸರು ಉಬ್ಬಿದರೆ ಯಾರಿಗೇನು ನಷ್ಟ, ಮಕ್ಕಳು ತಾನೇ, ಖುಷಿಪಡಲಿ ಬಿಡಿ ಅನ್ನುತ್ತಾರೆ. ಅದಕ್ಕೆ ನಾನು ಯಾವಾಗಲೂ ಹೇಳುವ ಕಥೆ ಒಂದಿದೆ. ನನ್ನ ಹೆಂಡತಿ ಈಗಾಗಲೇ ಫೋನ್ ತೆಗೆದರು, ಅವರಿಗೆ ಇದು ಇಪ್ಪತ್ತನೇ ಸಲ.

ಡೇವಿಡ್ ಕ್ಲೈಡ್. ಟೆಕ್ಸಸ್‌ನ ಹ್ಯೂಸ್ಟನ್ ಹುಡುಗ, ಎಡಗೈ ಪಿಚರ್. 1973, ಹೈಸ್ಕೂಲಿನ ಕೊನೆಯ ವರ್ಷ. ಹದಿನೆಂಟು ಗೆಲುವು, ಒಂದೂ ಸೋಲಿಲ್ಲ. ಟೆಕ್ಸಸ್ ರೇಂಜರ್ಸ್ ತಂಡ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯ ಮೇಲೆ ಹೊಸ ಹುಡುಗರನ್ನು ಆರಿಸುವಾಗ, ದೇಶಕ್ಕೇ ಮೊದಲನೆಯವನಾಗಿ ಅವನನ್ನು ಆರಿಸಿತು. ಆ ತಂಡ ಹಿಂದಿನ ವರ್ಷ ತಾನೇ ವಾಷಿಂಗ್ಟನ್‌ನಿಂದ ಎದ್ದು ಬಂದಿತ್ತು. ಸೋಲುತ್ತಿತ್ತು. ಜನ ಬರುತ್ತಿರಲಿಲ್ಲ, ಮಾಲೀಕನಿಗೆ ದುಡ್ಡು ಬೇಕು. ಸಾಮಾನ್ಯವಾಗಿ ಇಂಥ ಹುಡುಗನನ್ನು ಕೆಳಗಿನ ಲೀಗುಗಳಿಗೆ ಕಳಿಸಿ ಮೂರು ನಾಲ್ಕು ವರ್ಷ ಪಳಗಿಸುತ್ತಾರೆ. ಇವನನ್ನು ಹೈಸ್ಕೂಲಿನಿಂದ ನೇರ ಮೇಜರ್ ಲೀಗಿಗೆ ತಂದು ನಿಲ್ಲಿಸಿದರು. ಜೂನ್ 27, ರಾತ್ರಿ ಆಟ, 35 ಸಾವಿರಕ್ಕೂ ಹೆಚ್ಚು ಜನ, ಸ್ಟೇಡಿಯಂ ಭರ್ತಿ. ಹದಿನೆಂಟು ವರ್ಷದ ಹುಡುಗ ಮೊದಲ ಇಬ್ಬರಿಗೆ ಬಾಲು ಅತ್ತಿತ್ತ ಎಸೆದು ಇಬ್ಬರನ್ನೂ ಸುಮ್ನೆ, ಅವರು ಹೊಡೆಯದೆಯೇ, ಮೊದಲ ಬೇಸಿಗೆ ನಡೆಸಿಬಿಟ್ಟ. ಕೈ ನಡುಗಿರಬೇಕು ಪಾಪ. ಆಮೇಲೆ ಸಾವರಿಸಿಕೊಂಡ. ಐದು ಇನ್ನಿಂಗ್ಸ್, ಎಂಟು ಸ್ಟ್ರೈಕ್‌ಔಟ್, ಕೊಟ್ಟದ್ದು ಒಂದೇ ಹಿಟ್. ತಂಡ ಗೆದ್ದಿತು.

ಅಲ್ಲಿಗೆ ಮುಗಿಯಬೇಕಿತ್ತು. ಎರಡು ಆಟ ಆಡಿಸಿ ಕೆಳಗೆ ಕಳಿಸುತ್ತೇವೆ ಅಂತ ಮಾತಾಗಿತ್ತು. ಆದರೆ ಟಿಕೆಟ್ ಖರ್ಚಾಗುತ್ತಿತ್ತಲ್ಲ! ಆಡಿಸಿದರು, ಮತ್ತೆ ಆಡಿಸಿದರು. ಭುಜ ಕೆಟ್ಟಿತು. 1979ಕ್ಕೆ ಮೇಜರ್ ಲೀಗಿನ ಆಟ ಮುಗಿದೇ ಹೋಯಿತು. ಲೆಕ್ಕ ನೋಡಿ: ಮೇಜರ್ ಲೀಗಿನಲ್ಲಿ ಅವನ ಒಟ್ಟು ಗೆಲುವು 18, ಸೋಲು 33. ಹೈಸ್ಕೂಲಿನಲ್ಲಿ ಒಂದು ವರ್ಷಕ್ಕೆ ಹದಿನೆಂಟು, ಆಮೇಲೆ ಇಡೀ ವೃತ್ತಿಗೆ ಹದಿನೆಂಟು. ಹುಡುಗ ಸುಳ್ಳಲ್ಲ. ಅವನ ಹೆಸರನ್ನು ಅವನ ಭುಜಕ್ಕಿಂತ ಜಾಸ್ತಿ ದುಡಿಸಿದರು.

ಇನ್ನೊಂದು ಕಡೆಯೂ ಇದೆ. ನಮ್ಮದೇ ರಾಜ್ಯ, ದಕ್ಷಿಣದಲ್ಲಿ ಮಿಲ್‌ವಿಲ್ ಅನ್ನುವ ಊರು. ಮೈಕ್ ಟ್ರೌಟ್. ಚಳಿ ರಾಜ್ಯದ ಹುಡುಗರು ಫ್ಲೋರಿಡಾ, ಕ್ಯಾಲಿಫೋರ್ನಿಯಾದವರಷ್ಟು ಆಟ ಆಡುವುದಿಲ್ಲ, ಅವರ ಎದುರಾಳಿಗಳು ಅಷ್ಟು ಗಟ್ಟಿಯಿಲ್ಲ ಅನ್ನುವ ಅನುಮಾನ ಬೇರೆ. 2009ರ ಡ್ರಾಫ್ಟು ಇಲ್ಲೇ ಸಿಕಾಕಸ್‌ನ ಟಿವಿ ಸ್ಟುಡಿಯೋದಲ್ಲಿ ನಡೆಯಿತು. ಆಟಗಾರರಲ್ಲಿ ಖುದ್ದಾಗಿ ಬಂದು ಕೂತವನು ಅವನೊಬ್ಬನೇ. ಒಂದೊಂದೇ ಹೆಸರು ಕೂಗುತ್ತಾ ಹೋದರು. ಇಪ್ಪತ್ತನಾಲ್ಕು ಹೆಸರು. ಹುಡುಗ ಕೂತೇ ಇದ್ದಾನೆ. ಇಪ್ಪತ್ತೈದನೆಯದಕ್ಕೆ ಏಂಜಲ್ಸ್ ತಂಡ ಅವನನ್ನು ಕರೆಯಿತು. ಇಪ್ಪತ್ತನಾಲ್ಕನೆಯದೂ ಏಂಜಲ್ಸ್‌ದೇ ಆಗಿತ್ತು! ಅದನ್ನು ಬೇರೆಯವನಿಗೆ ಕೊಟ್ಟಿದ್ದರು. ಆರಿಸಿದವರಿಗೇ ಅವನು ಎರಡನೆಯವನು. ಆಮೇಲೆ 2014, 2016, 2019, ಮೂರು ಸಲ ಎಂವಿಪಿ, ಅಂದರೆ ಲೀಗಿನ ಅತ್ಯಮೂಲ್ಯ ಆಟಗಾರ.

ಇಷ್ಟು ಹೇಳಿದ ಮೇಲೆ ನನ್ನ ವಾದಕ್ಕೆ ನಾನೇ ಕಲ್ಲು ಹಾಕಿಕೊಳ್ಳುತ್ತೇನೆ. ಮೈಕ್ ಪಿಯಾಜ಼ಾ. 1988ರಲ್ಲಿ ಡಾಡ್ಜರ್ಸ್ ತಂಡ ಅವನನ್ನು ತೆಗೆದುಕೊಂಡದ್ದು 62ನೇ ಸುತ್ತಿನಲ್ಲಿ, 1390ನೆಯವನಾಗಿ. ಅದೂ ಹೇಗೆ? ಅವರಪ್ಪನಿಗೂ ತಂಡದ ಮ್ಯಾನೇಜರ್ ಲಸೋರ್ಡಾಗೂ ಸ್ನೇಹ. ಅಚ್ಚ ಶಿಫಾರಸು. ನಮ್ಮೂರಿನಲ್ಲಾಗಿದ್ದರೆ ಕಟ್ಟೆ ಮೇಲೆ ಕೂತು ಬೈಯುತ್ತಿದ್ದೆವು. ಆ ಶಿಫಾರಸಿನ ಹುಡುಗ 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದ. ಅಂದರೆ ಶಿಫಾರಸೂ ಒಮ್ಮೊಮ್ಮೆ ಕಣ್ಣು ತಪ್ಪಿದ್ದನ್ನು ಹಿಡಿಯುತ್ತದೆ. ಈಗ ಡ್ರಾಫ್ಟಿನಲ್ಲಿ ಇರುವುದೇ 20 ಸುತ್ತು. ಇವತ್ತು ಅಂಥವನಿಗೆ ಅರವತ್ತೆರಡನೇ ಸುತ್ತಿನ ಬಾಗಿಲೇ ಇಲ್ಲ.

ಚೀಟಿ ಬಂತು. "ಐದು ನಿಮಿಷ" ಅಂತ ಇದೆ, ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಸರಿ.

ಶೋಕೇಸ್, ಅಂದರೆ ಆರಿಸುವವರ ಮುಂದೆ ಹುಡುಗರು ಆಡಿ ತೋರಿಸುವ ಮೇಳ, ಅದರ ಬಗ್ಗೆ ಕಾಲು ಗಂಟೆ ಇಟ್ಟುಕೊಂಡಿದ್ದೆ. ಒಂದೇ ಮಾತಿನಲ್ಲಿ ಹೇಳುತ್ತೇನೆ. ದುಡ್ಡು ಕಟ್ಟಿ ಹೋಗುತ್ತೀರಿ, ರೇಡಾರ್ ಗನ್ ಹಿಡಿಯುತ್ತಾರೆ, ಅರವತ್ತು ಗಜ ಓಡಿಸುತ್ತಾರೆ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಗನ್ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಎರಡು ಔಟ್ ಆಗಿ ಮೂರನೇ ಬೇಸಿನಲ್ಲಿ ಓಟಗಾರ ಇದ್ದಾಗ ಹುಡುಗ ಏನು ಮಾಡುತ್ತಾನೆ ಅಂತ ಗನ್ನಿಗೆ ಗೊತ್ತಾಗುವುದಿಲ್ಲ. ದುಡ್ಡಿಲ್ಲದವನು ಆ ಸಾಲಿಗೇ ಬರುವುದಿಲ್ಲ. ಅದನ್ನು ಕಟ್ಟಿ ಸ್ಕಾಲರ್‌ಶಿಪ್ ಕನಸು ಕಾಣುವ ಅಪ್ಪ ಅಮ್ಮಂದಿರಿಗೆ: ಕಾಲೇಜು ಆಟದ ಅತಿ ಮೇಲಿನ ಮಟ್ಟವಾದ ಡಿವಿಷನ್ ಒಂದರ ತಂಡಕ್ಕೆ ತೀರಾ ಇತ್ತೀಚಿನವರೆಗೆ ಇದ್ದದ್ದು ಒಟ್ಟು 11.7 ಸ್ಕಾಲರ್‌ಶಿಪ್. ಅದನ್ನು ಇಡೀ ತಂಡಕ್ಕೆ ಹಂಚಬೇಕು, ಪ್ರಸಾದ ಹಂಚಿದ ಹಾಗೆ. ಎಂಟನೇ ತರಗತಿ ಹುಡುಗರು ಇಂಥ ಕಾಲೇಜಿಗೆ ಕಮಿಟ್ ಆದೆ ಅಂತ ಘೋಷಣೆ ಮಾಡುತ್ತಿದ್ದರು. 2023ರಲ್ಲಿ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ ನಿಯಮ ತಂದಿತು, ಹನ್ನೊಂದನೇ ತರಗತಿಯ ಆಗಸ್ಟ್ 1ಕ್ಕೆ ಮುಂಚೆ ಆ ಮಾತುಕತೆ ಇಲ್ಲ ಅಂತ. ಒಳ್ಳೆಯದಾಯಿತು.

ಬ್ಯಾಟಿನ ವಿಷಯವೂ ಇತ್ತು. ಬ್ಯಾಟಿನಿಂದ ಬಾಲು ಪುಟಿಯುವುದನ್ನು ಕಡಿಮೆ ಮಾಡುವ ನಿಯಮ 2012ರಲ್ಲಿ ಬಂತು, ಅದಕ್ಕೆ ಹಿಂದಿನ ಶಾಲಾ ದಾಖಲೆಗಳನ್ನು ಇಂದಿನ ಮಕ್ಕಳ ತಲೆ ಮೇಲೆ ಹೊಡೆಯಬೇಡಿ. ಊಟದ ಹೊತ್ತಿಗೆ ಸಿಕ್ಕರೆ ಹೇಳುತ್ತೇನೆ.

ಇವತ್ತಿನ ಪುರಸ್ಕಾರಕ್ಕೆ ಬರುತ್ತೇನೆ. ಅರ್ಜಿ ನಾನೂ ನೋಡಿದ್ದೇನೆ. ಸಾಧನೆಗಳು ಅಂತ ಒಂದು ಕಾಲಂ, ತುಂಬುವವರು ಅಪ್ಪ ಅಮ್ಮ. ಆರಿಸುವವರು ಅವರ ಜೊತೆ ವಾರಾಂತ್ಯ ಊಟ ಮಾಡುವವರು. ಮುಂದಿನ ವರ್ಷ ಅದರ ಜೊತೆ ಶಾಲೆಯವರ ಒಂದು ಹಾಳೆ ಕೇಳಿ, ಹೆಸರು ಮುಚ್ಚಿ ಓದಿ. ಇಷ್ಟೇ ನನ್ನ ಕೋರಿಕೆ. ಅಧ್ಯಕ್ಷರು ತಲೆ ಅಲ್ಲಾಡಿಸುತ್ತಿದ್ದಾರೆ, ಹೌದು ಅಂತಲೋ ಸಾಕು ಅಂತಲೋ.

ಕೊನೆಗೆ ಒಂದು ಬಾಕಿ ಉಳಿದಿದೆ. ನಾನು ಉಜ್ಜಿದ ಆ ಇ-6. ಆಗ ಎರಡು ಔಟ್ ಆಗಿತ್ತು ಅಂದೆನಲ್ಲ. ಆ ಬಾಲು ಹಿಡಿದಿದ್ದರೆ ಮೂರನೇ ಔಟ್, ಇನ್ನಿಂಗ್ಸ್ ಮುಗಿಯುತ್ತಿತ್ತು. ಹಿಡಿಯಲಿಲ್ಲ, ಆಮೇಲೆ ಮೂರು ರನ್ ಬಂತು. ಎರರ್ ಅಂತ ಉಳಿದಿದ್ದರೆ ಆ ಮೂರೂ ಎದುರು ತಂಡದ ಪಿಚರ್ ತಲೆಗೆ ಬರುತ್ತಿರಲಿಲ್ಲ. ನಾನು ಹಿಟ್ ಅಂತ ಬರೆದೆ, ಮೂರೂ ಅವನ ಲೆಕ್ಕಕ್ಕೆ ಹೋದವು. ಆ ವರ್ಷ ಅವನು ಎಸೆದದ್ದು 42 ಇನ್ನಿಂಗ್ಸ್. ಹೈಸ್ಕೂಲ್ ಆಟ ಏಳು ಇನ್ನಿಂಗ್ಸಿನದು, ಆ ಲೆಕ್ಕದಲ್ಲಿ ಒಂದು ಆಟಕ್ಕೆ ಅವನು ಕೊಟ್ಟ ರನ್ನಿನ ಸರಾಸರಿ 2.00 ಇರಬೇಕಾದದ್ದು 2.50 ಆಯಿತು. ಡೈನರಿನಲ್ಲಿ ಪಿಚರ್‌ಗಳ ಸರದಿ ಬಂದಾಗ ಯಾರೋ ಒಬ್ಬರು ಹಾಳೆ ನೋಡಿ, "ಎರಡೂವರೆ, ಸ್ವಲ್ಪ ಜಾಸ್ತಿ" ಅಂದರು. ಆ ಸಂಜೆ ಯಾರಾದರೂ ಅಂಕಿ ನೋಡಿದ್ದು ಅದೊಂದೇ ಸಲ.

ಪುಸ್ತಕ ತಂದಿದ್ದೇನೆ, ಇಗೋ. ನಮ್ಮ ಹುಡುಗರ ಹೆಸರೆಲ್ಲ ಗುಂಡಾಗಿ ಬರೆದಿದ್ದೇನೆ. ಎದುರು ತಂಡದವರಿಗೆ ಅಂಗಿಯ ನಂಬರ್ ಮಾತ್ರ. ಆ ಪಿಚರ್ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಇದರಲ್ಲಿ ಅವನು 14.