ತೊಡೆಯಲ್ಲಿ ಗಂಟು: ಕೊಯ್ಯಿಸುವ ಮೊದಲು ಇದನ್ನು ನೋಡಿ

(ದೃಶ್ಯ: ತೊಗರಿ ಹೊಲ, ರಾಶಿ ನಡೆದಿದೆ)

ನಮಸ್ಕಾರ. ನಮ್ಮ ಕಲಬುರಗಿ, ಯಾದಗಿರಿ ಕಡೆ ತೊಡೆಯಲ್ಲಿ ಗಂಟು ಕಂಡರೆ ಮೊದಲು ಬರುವ ಮಾತು ಇದು: "ರಾಶಿ ಮಾಡೂ ಮುಂದ ಪೆಟ್ಟು ಬಿದ್ದಿತ್ರಿ, ಅದೇ ಗಂಟಾಗ್ಯಾದ. ನೋವಿಲ್ಲ, ಬಿಡ್ರಿ."

ಹೆಚ್ಚಿನ ಸಲ ಹೆದರಬೇಕಾದ್ದೇನೂ ಇರುವುದಿಲ್ಲ. ಅದು ಸಾದಾ ಕೊಬ್ಬಿನ ಗಂಟು, ಲೈಪೋಮಾ. ಆದರೆ ಕೊಬ್ಬು, ಮಾಂಸಖಂಡ, ನರ, ರಕ್ತನಾಳಗಳಲ್ಲೂ ಕ್ಯಾನ್ಸರ್ ಹುಟ್ಟಬಹುದು. ಅದೇ ಸಾರ್ಕೋಮಾ. ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಸುಮಾರು 1 ಮಾತ್ರ. ಮಕ್ಕಳಲ್ಲಿ ಪಾಲು ಇನ್ನೂ ಜಾಸ್ತಿ. ಪೆಟ್ಟಿನಿಂದ ಇದು ಬರುವುದಿಲ್ಲ. ಪೆಟ್ಟು ಬಿದ್ದ ಜಾಗ ಮುಟ್ಟಿ ನೋಡಿಕೊಂಡಾಗ, ಮೊದಲೇ ಇದ್ದ ಗಂಟು ಕೈಗೆ ಸಿಗುತ್ತದೆ, ಅಷ್ಟೇ.

(ದೃಶ್ಯ: ದೇಹದ ಚಿತ್ರ, ತೊಡೆಯ ಭಾಗಕ್ಕೆ ಬಣ್ಣ)

ಸಾರ್ಕೋಮಾದಲ್ಲಿ 50ಕ್ಕೂ ಹೆಚ್ಚು ಬಗೆಗಳಿವೆ. ಲೈಪೋಸಾರ್ಕೋಮಾ ಸಾಮಾನ್ಯವಾಗಿ ನಡುವಯಸ್ಸು ದಾಟಿದವರಲ್ಲಿ, ತೊಡೆಯಲ್ಲಿ ಅಥವಾ ಹೊಟ್ಟೆಯ ಹಿಂಭಾಗದಲ್ಲಿ ಬರುತ್ತದೆ. ಸೈನೋವಿಯಲ್ ಸಾರ್ಕೋಮಾ ಹರೆಯದವರಲ್ಲಿ, ಮೊಣಕಾಲಿನ ಆಸುಪಾಸು ಹೆಚ್ಚು. ರ‍್ಯಾಬ್ಡೋಮಯೋಸಾರ್ಕೋಮಾ ಹೆಚ್ಚಾಗಿ ಮಕ್ಕಳದು.

ಯಾವಾಗ ಅನುಮಾನ ಪಡಬೇಕು? ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಅಂದರೆ ದೊಡ್ಡ ನಿಂಬೆಹಣ್ಣಿನಷ್ಟಾಗಿದ್ದರೆ. ಬೆಳೆಯುತ್ತಲೇ ಇದ್ದರೆ. ಮಾಂಸದ ಆಳದಲ್ಲಿದ್ದರೆ. ಒಮ್ಮೆ ತೆಗೆಸಿದ ಮೇಲೂ ಮತ್ತೆ ಬಂದರೆ. ಇದರಲ್ಲಿ ಒಂದಿದ್ದರೂ ತೋರಿಸಿ. ನೋವಿಲ್ಲ ಅನ್ನೋದನ್ನ ನಂಬಬೇಡಿ, ಸಾರ್ಕೋಮಾ ಬಹಳ ಸಲ ನೋಯುವುದೇ ಇಲ್ಲ.

ಈಗ ನಾನು ಒತ್ತಿ ಹೇಳಬೇಕಾದ ಮಾತು. ಸ್ಕ್ಯಾನ್ ಇಲ್ಲದೆ, "ಸಣ್ಣ ಆಪರೇಷನ್" ಅಂತ ಸುಮ್ನೆ ಗಂಟು ಕಿತ್ತು ಹಾಕಿಸಬೇಡಿ. ಅದು ಸಾರ್ಕೋಮಾ ಆಗಿದ್ದರೆ ಸುತ್ತ ಕ್ಯಾನ್ಸರ್ ಕಣಗಳು ಉಳಿಯುತ್ತವೆ, ಮತ್ತೆ ಇನ್ನೂ ದೊಡ್ಡ ಆಪರೇಷನ್ ಬೇಕಾಗುತ್ತದೆ. ಮೊದಲು ಎಂಆರ್‌ಐ, ಆಮೇಲೆ ಸೂಜಿಯ ಬಯಾಪ್ಸಿ (ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷಿಸುವುದು), ಕೊನೆಗೆ ಆಪರೇಷನ್. ಸೂಜಿ ಹೋದ ದಾರಿಯನ್ನೂ ಮುಂದೆ ಗಂಟಿನ ಜೊತೆ ತೆಗೆಯಬೇಕಾಗಬಹುದು. ಅದಕ್ಕೇ ಆಪರೇಷನ್ ಮಾಡುವ ಸರ್ಜನ್‌ರನ್ನು ಕೇಳಿಯೇ ಸೂಜಿಯ ಜಾಗ ಗೊತ್ತುಮಾಡಬೇಕು. ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅನ್ನುವ ಭಯದಿಂದ ಬಯಾಪ್ಸಿ ತಪ್ಪಿಸಿಕೊಳ್ಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎದೆಯ ಸಿಟಿ ಸ್ಕ್ಯಾನ್ ಕೂಡ ಹೇಳುತ್ತಾರೆ, ಯಾಕಂದ್ರೆ ಇದು ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ.

(ದೃಶ್ಯ: ಕಾಲಿನ ಎಂಆರ್‌ಐ ಚಿತ್ರ)

ಕಾಲು ಕತ್ತರಿಸ್ತಾರಾ? ಎಲ್ಲರೂ ಕೇಳುವ ಪ್ರಶ್ನೆ. 1982ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಕಾಲು ಉಳಿಸಿಕೊಂಡು ರೇಡಿಯೇಷನ್ ಪಡೆದವರೂ ಕಾಲು ತೆಗೆಸಿಕೊಂಡವರಷ್ಟೇ ಬದುಕಿದರು. ಈಗ ಹೆಚ್ಚಿನವರ ಕಾಲು ಉಳಿಯುತ್ತದೆ. ಬದುಕುವ ಸಾಧ್ಯತೆ ಗ್ರೇಡ್ (ಕ್ಯಾನ್ಸರ್ ಕಣಗಳು ಎಷ್ಟು ಉಗ್ರ ಅನ್ನುವ ಅಳತೆ), ಗಾತ್ರ, ಆಳ, ಹರಡುವಿಕೆಯ ಮೇಲೆ ನಿಂತಿದೆ. ಅಮೆರಿಕದ ಲೆಕ್ಕದಲ್ಲಿ, ಹುಟ್ಟಿದ ಜಾಗದಲ್ಲೇ ಇದ್ದಾಗ ಸಿಕ್ಕರೆ 5 ವರ್ಷ ದಾಟುವವರು ನೂರಕ್ಕೆ ಸುಮಾರು 80. ದೂರ ಹರಡಿದ ಮೇಲೆ ಸುಮಾರು 15. ಇದು ನಮ್ಮ ಜಿಲ್ಲೆಯ ಲೆಕ್ಕವಲ್ಲ, ಆದರೆ ಬೇಗ ತೋರಿಸಿದರೆ ಎಷ್ಟು ವ್ಯತ್ಯಾಸ ಆಗುತ್ತೆ ಅನ್ನೋದು ಕಾಣುತ್ತೆ, ಅಲ್ವಾ?

ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲೇ ವಿಚಾರಿಸಿ.

ಈಗಾಗಲೇ ಗಂಟು ತೆಗೆಸಿದ್ದೀರಾ? ಅದನ್ನು ಪ್ಯಾಥಾಲಜಿಗೆ, ಅಂದರೆ ಗಂಟಿನ ಚೂರು ಪರೀಕ್ಷಿಸುವ ಲ್ಯಾಬ್‌ಗೆ, ಕಳಿಸಿದ್ರಾ ಅಂತ ಇವತ್ತೇ ಕೇಳಿ. ರಿಪೋರ್ಟ್ ಜೊತೆ ಸ್ಲೈಡ್ (ಗಾಜಿನ ಮೇಲಿನ ತೆಳು ಚೂರು), ಬ್ಲಾಕ್ (ಮೇಣದಲ್ಲಿಟ್ಟ ಗಂಟಿನ ತುಂಡು) ಕೂಡ ತೆಗೆದುಕೊಳ್ಳಿ. ಈ ಬಗೆಗಳನ್ನು ಗುರುತಿಸುವುದು ಕಷ್ಟ, ದೊಡ್ಡ ಆಸ್ಪತ್ರೆಯಲ್ಲಿ ಮತ್ತೊಮ್ಮೆ ನೋಡಲು ಅವೇ ಬೇಕು.