ಕೊಟ್ಟಿಗೆ ಮೂಲೆಯ ಹುಲ್ಲು ಮಿಷನ್

ಕೇಳುಗರೆಲ್ಲರಿಗೂ ನಮಸ್ಕಾರ.

ಮೃಗಶಿರಾ ಮಳೆ ಹಿಡಿದು ಹತ್ತು ಹನ್ನೆರಡು ದಿನ ಆಗಿತ್ತು. ತೋಟದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತಿತ್ತು. ಆಳು ಸಿಗುವ ಮಾತಂತೂ ಇಲ್ಲ. ಮಿಷನ್ ಇದೆಯಲ್ಲ ಎಂದು ಕೊಟ್ಟಿಗೆಗೆ ಹೋದೆ. ಹೆಗಲಿಗೆ ಹಾಕಿಕೊಂಡು ಹುಲ್ಲು ಸವರುವ ಬ್ರಷ್ ಕಟರ್ ಅದು, ಟೂ ಸ್ಟ್ರೋಕ್; ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥದ್ದು. ಹಿಂದಿನ ವರ್ಷ ಅಡಿಕೆ ಕೊನೆಕೊಯ್ಲಿಗೆ ಮುಂಚೆ, ಉದುರಡಿಕೆ ಕಣ್ಣಿಗೆ ಕಾಣಲಿ ಎಂದು ಒಂದು ಸುತ್ತು ಹೊಡೆದು ಗೋಡೆಗೆ ಒರಗಿಸಿದವನು ಆಮೇಲೆ ಅದರ ಮುಖ ನೋಡಿರಲಿಲ್ಲ. ಮೇಲೆ ಗೋಣಿಚೀಲ, ಅದರ ಮೇಲೆ ಹಲ್ಲಿ ಮೊಟ್ಟೆ.

ಅಂಗಳಕ್ಕೆ ತಂದು ಹಗ್ಗ ಎಳೆದೆ. ಎಳೆದೆ, ಎಳೆದೆ. ಮೂವತ್ತರವರೆಗೆ ಎಣಿಸಿದ್ದು ನೆನಪಿದೆ. ಒಂದು ಸಲವಾದರೂ ಕೆಮ್ಮಬೇಕಲ್ಲ, ಅದೂ ಇಲ್ಲ. ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಅಮ್ಮ, "ಅಷ್ಟು ಹೊತ್ತಿಗೆ ಕತ್ತಿ ಹಿಡಿದಿದ್ದರೆ ಒಂದು ಬಣ್ಣ ಸವರಿ ಆಗ್ತಿತ್ತು" ಅಂದಳು. ಅಡಿಕೆ ಮರದ ಎರಡು ಸಾಲಿನ ನಡುವಿನ ಜಾಗಕ್ಕೆ ನಮ್ಮ ಕಡೆ ಬಣ್ಣ ಎನ್ನುತ್ತೇವೆ. ಮಾತು ನಿಜವಾದ್ದರಿಂದ ಇನ್ನೂ ಸಿಟ್ಟು ಬಂತು. ಜೀಪಿಗೆ ಹಾಕಿಕೊಂಡು ಪೇಟೆಗೆ ಹೋದೆ.

ರಿಪೇರಿ ಅಂಗಡಿಯ ಹುಡುಗನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಅವನು ಹಗ್ಗ ಮುಟ್ಟಲೇ ಇಲ್ಲ. ಟ್ಯಾಂಕಿನ ಮುಚ್ಚಳ ತಿರುಗಿಸಿ ಮೂಗು ಹತ್ತಿರ ತಂದ. "ಅಣ್ಣಾ, ಇದು ಪೆಟ್ರೋಲಲ್ಲ, ಕಷಾಯ!"

ನಾನೂ ಮೂಸಿದೆ. ಹೊಸ ಪೆಟ್ರೋಲಿನ ಘಾಟು ಇಲ್ಲ; ಹಳೆ ವಾರ್ನಿಷ್ ಡಬ್ಬದ ಹುಳಿ ವಾಸನೆ. ಒಂದು ಗಾಜಿನ ಬಾಟಲಿಗೆ ಬಗ್ಗಿಸಿ ಬೆಳಕಿಗೆ ಹಿಡಿದಾಗ ಎರಡು ಪದರ ಕಂಡಿತು. ಕೆಳಗೆ ಬೇರೆ, ಮೇಲೆ ಬೇರೆ.

ಇದರ ಗುಟ್ಟು ಸ್ವಲ್ಪ ಹೇಳಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥೆನಾಲ್ ಎಂಬ ಮದ್ಯಸಾರ ಇರುತ್ತದೆ. ಈ ಪೆಟ್ರೋಲಿಗೆ ಚಾಲನೆ ಕೊಟ್ಟಿದ್ದೇ ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರವರಿಯಲ್ಲಿ. ದಿನಾ ಓಡುವ ಬೈಕಿನ ಟ್ಯಾಂಕು ವಾರಕ್ಕೊಮ್ಮೆ ಬರಿದಾಗಿ ತುಂಬುತ್ತದೆ, ಅಲ್ಲಿ ಪೆಟ್ರೋಲ್ ಹಳತಾಗಲು ಪುರುಸೊತ್ತಿಲ್ಲ. ಎಂಟು ತಿಂಗಳು ಮೂಲೆಯಲ್ಲಿ ಕೂತ ಮಿಷನ್ನಿನ ಕತೆ ಬೇರೆ. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪಿನ ಭರಣಿಯ ಬಾಯಿ ತೆರೆದಿಟ್ಟ ಹಾಗೆ. ಮಲೆನಾಡಿನಲ್ಲಿ ತೇವಕ್ಕೇನು ಬರ? ನೀರು ಒಂದು ಮಿತಿ ಮೀರಿದ ಮೇಲೆ ಎಥೆನಾಲ್ ಪೆಟ್ರೋಲಿನ ಸಹವಾಸ ಬಿಟ್ಟು ನೀರಿನ ಜೊತೆ ಅಡಿಗೆ ಇಳಿಯುತ್ತದೆ. ಟ್ಯಾಂಕಿನೊಳಗಿನ ಹೀರು ಪೈಪು ನೇತಾಡುವುದೂ ಅಡಿಯಲ್ಲೇ. ಅಂದರೆ ಇಂಜಿನ್ನಿಗೆ ಮೊದಲು ಸಿಗುವುದು ಆ ನೀರು ಕಷಾಯ. ಇನ್ನೊಂದು ಅಪಾಯವೂ ಉಂಟು. ನಾವು ಬೆರೆಸಿದ ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕಿನ ಆಯಿಲ್, ಮೇಲಿನ ಪೆಟ್ರೋಲಿನಲ್ಲೇ ಉಳಿದುಬಿಡುತ್ತದೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಜಿಡ್ಡು ಅಂತ ಇರುವುದು ಅದೊಂದೇ. ಕೆಳಗಿನ ನೀರಿನಲ್ಲಿ ಹೇಗೋ ಚಾಲೂ ಆದರೂ ಪಿಸ್ಟನ್ ಒಣಗಿ ಉಜ್ಜಿಕೊಳ್ಳುತ್ತದೆ. ನನ್ನ ಮಿಷನ್ ಮೂವತ್ತು ಸಲ ಎಳೆದರೂ ಚಾಲೂ ಆಗದೆ ನನಗೆ ಉಪಕಾರವನ್ನೇ ಮಾಡಿತ್ತು.

ಹುಡುಗ ಟ್ಯಾಂಕು ಖಾಲಿ ಮಾಡಿ, ತಂತಿ ಕೊಕ್ಕೆ ಹಾಕಿ ಒಳಗಿನ ಫಿಲ್ಟರ್ ಹೊರಗೆಳೆದ. ಬಿಳಿ ಇರಬೇಕಾದ್ದು ಬೆಲ್ಲದ ಬಣ್ಣವಾಗಿತ್ತು. ಪೈಪು ಬಗ್ಗಿಸಿದರೆ ಸಣ್ಣ ಬಿರುಕು. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್, ಅದರ ಕೆಳಗಿನ ರಬ್ಬರ್ ಗುಳ್ಳೆ, ಚಾಲೂ ಮಾಡುವ ಮುಂಚೆ ಹೆಬ್ಬೆರಳಲ್ಲಿ ಒತ್ತುತ್ತೇವಲ್ಲ ಅದು, ಕಲ್ಲಿನ ಹಾಗೆ ಗಟ್ಟಿ. ಮೂರನ್ನೂ ಹೊಸದು ಹಾಕಿದ. ಈ ಸಾಮಾನುಗಳ ಬೆಲೆ ದೊಡ್ಡದಲ್ಲ. ಅದಕ್ಕೂ ಮುಂಚೆ ಇನ್ನೊಂದು ಕಡೆ ವಿಚಾರಿಸಿದಾಗ, ನೋಡದೆಯೇ, ಫೋನಿನಲ್ಲೇ, "ಕಾರ್ಬೊರೇಟರ್ ಹೋಗಿದೆ, ಹೊಸದು ಹಾಕಬೇಕು" ಎಂದಿದ್ದರು. ಅಲ್ಲಿಗೆ ಹೋಗದಿದ್ದುದು ಒಳ್ಳೆಯದಾಯಿತು.

ಆಮೇಲೆ ಇಂಜಿನ್ನಿನೊಳಗೆ ಕಿಡಿ ಹಾರಿಸುವ ಪ್ಲಗ್. ಇದನ್ನು ಮನೆಯಲ್ಲೇ ನೋಡಬಹುದು, ಅದನ್ನು ಬಿಚ್ಚುವ ಸ್ಪ್ಯಾನರ್, ಅಂದರೆ ಪ್ಲಗ್ ಪಾನ ಒಂದಿದ್ದರೆ ಸಾಕು. ನಾಲ್ಕೈದು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿದಾಗ ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ; ಕಿಡಿ ಇಲ್ಲ, ಇಲ್ಲವೇ ಗಾಳಿ ತಡೆಯುವ ಚೋಕ್ ಹಾಕಿಯೇ ಎಳೆದೆಳೆದು ಪ್ಲಗ್ಗನ್ನು ಪೆಟ್ರೋಲಿನಲ್ಲಿ ಮುಳುಗಿಸಿದ್ದೀರಿ. ನನ್ನದು ಒಣಗಿತ್ತು. ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಹಗ್ಗ ಎಳೆಯುತ್ತಾರೆ. ಆದರೆ ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ, ಟ್ಯಾಂಕಿನ ಬಾಯಿ ತೆರೆದಿಟ್ಟು ಇದನ್ನು ಮಾಡಬೇಡಿ. ಮೊದಲು ಸ್ವಿಚ್ ಆನ್ ಇದೆಯಾ ನೋಡಿಕೊಳ್ಳಿ. ನಗಬೇಡಿ, ಸ್ವಿಚ್ ಆಫ್ ಇಟ್ಟುಕೊಂಡು ಅರ್ಧ ಗಂಟೆ ಎಳೆದವರನ್ನು ನಾನು ಬಲ್ಲೆ. ಯಾರೆಂದು ಹೇಳುವುದಿಲ್ಲ.

ಕಾರ್ಬೊರೇಟರ್ ಬಿಚ್ಚುವುದನ್ನು ಮಾತ್ರ ತಿಳಿದವರಿಗೇ ಬಿಡಿ. ಕೂದಲೆಳೆಯಷ್ಟು ಸಣ್ಣ ತೂತು, ಅದರ ಜೊತೆ ತೆಳ್ಳನೆ ರಬ್ಬರ್ ಪರದೆ. ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಮಿಷನ್ ಕಾಯಂ ಪೆಟ್ರೋಲ್ ಕುಡುಕ ಆಗುತ್ತದೆ. ಹುಡುಗ ಸ್ಪ್ರೇ ಹೊಡೆದು ಗಾಳಿ ಬಿಟ್ಟ, ಅಷ್ಟೇ. ಏರ್ ಫಿಲ್ಟರಿನ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸುವ ಕೆಲಸ ನನ್ನ ಪಾಲಿಗೆ ಬಂತು.

ಇಷ್ಟಾದ ಮೇಲೂ ಮಿಷನ್ ಎರಡು ಸಲ ಗುಟುರು ಹಾಕಿ ನಿಂತಿತು. ಹುಡುಗ ತಲೆ ಕೆರೆದುಕೊಂಡ. ಕೊನೆಗೆ ಸೈಲೆನ್ಸರಿನ ಬಾಯಿಗೆ ಸ್ಕ್ರೂಡ್ರೈವರ್ ಹಾಕಿದರೆ ಪುಡಿಪುಡಿ ಮಣ್ಣು ಉದುರಿತು. ಕುಂಬಾರ ಹುಳ ಅಲ್ಲಿ ಮನೆ ಕಟ್ಟಿತ್ತು! ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಒಳಗೆ ಬರುವುದೆಲ್ಲಿಂದ? ಗೂಡು ತೆಗೆದು, ಚೋಕ್ ಹಾಕಿ ಎರಡು ಎಳೆತ, ಚೋಕ್ ತೆಗೆದು ಒಂದು ಎಳೆತ. ಬೀದಿಯ ನಾಯಿಗಳೆಲ್ಲ ಎದ್ದು ಓಡಿದವು.

ಪೆಟ್ರೋಲಿಗೆ ಆಯಿಲ್ ಎಷ್ಟು ಎಂಬುದನ್ನು ಮಿಷನ್ನಿನ ಜೊತೆ ಬಂದ ಪುಸ್ತಕದಲ್ಲಿ ನೋಡಿ. ಐವತ್ತಕ್ಕೊಂದು ಅಂದರೆ ಲೀಟರಿಗೆ 20 ಎಂಎಲ್, ಇಪ್ಪತ್ತೈದಕ್ಕೊಂದು ಅಂದರೆ 40. ಅಂದಾಜಿಗೆ ಸುರಿಯುವುದು ಬೇಡ. ಫೋರ್ ಸ್ಟ್ರೋಕ್ ಮಿಷನ್ ಇದ್ದವರು ಪೆಟ್ರೋಲಿಗೆ ಆಯಿಲ್ ಬೆರೆಸಲೇಬಾರದು, ಅದರ ಇಂಜಿನ್ ಆಯಿಲಿಗೆ ಬೇರೆ ಜಾಗ ಇದೆ. ಬ್ಲೇಡಿನ ನಟ್ಟು ಹೆಚ್ಚಿನ ಮಿಷನ್ನುಗಳಲ್ಲಿ ಎಡಮರೆ. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದೆ ನಾನು ಒಮ್ಮೆ ಪಾನದ ಮೇಲೆ ನಿಂತು ತುಳಿದು ಇನ್ನಷ್ಟು ಬಿಗಿ ಮಾಡಿದ್ದೆ. ಬ್ಲೇಡಿಗೆ ಕೈ ಹಾಕುವ ಮುಂಚೆ ಪ್ಲಗ್ಗಿನ ಕ್ಯಾಪ್ ಎಳೆದಿಡಿ.

ಈಗ ನಾನು ಕೊನೆಯ ಸುತ್ತು ಹುಲ್ಲು ಹೊಡೆದ ದಿನವೇ ಟ್ಯಾಂಕು ಬಗ್ಗಿಸಿ ಖಾಲಿ ಮಾಡುತ್ತೇನೆ. ಮತ್ತೆ ಚಾಲೂ ಮಾಡಿ, ಪೈಪಿನಲ್ಲಿ ಉಳಿದದ್ದನ್ನು ಅದೇ ಕುಡಿದು ತಾನಾಗಿ ನಿಲ್ಲುವವರೆಗೆ ಬಿಡುತ್ತೇನೆ. ಸೈಲೆನ್ಸರಿನ ಬಾಯಿಗೆ ಬಟ್ಟೆ ತುರುಕುತ್ತೇನೆ, ಮಳೆಗಾಲದಲ್ಲಿ ತೆಗೆಯಲು ನೆನಪಾಗಲಿ ಎಂದು ಕೆಂಪು ಬಟ್ಟೆಯನ್ನೇ. ಕೆಟ್ಟ ಪೆಟ್ರೋಲನ್ನು ತೋಟದ ಕಾದಿಗೆಗೆ, ಅಂದರೆ ನೀರು ಬಸಿಯುವ ಕಾಲುವೆಗೆ, ಚೆಲ್ಲುವುದಿಲ್ಲ, ಆ ನೀರು ಹೋಗಿ ಸೇರುವುದು ನಮ್ಮದೇ ಹಳ್ಳಕ್ಕೆ.

ಮೊನ್ನೆ ಪಕ್ಕದ ಮನೆ ಭಾವ ತನ್ನ ಮಿಷನ್ ಹೊತ್ತುಕೊಂಡು ಬಂದ. "ಎಷ್ಟು ಎಳೆದರೂ ಹೊಡೀತಿಲ್ಲ ಮಾರಾಯ, ಸ್ವಲ್ಪ ಹಗ್ಗ ಎಳೆದು ನೋಡು" ಅಂದ. ನಾನು ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದೆ.

ನಮಸ್ಕಾರ.