ಚಕ್ಕುಲಿ ಡಬ್ಬದ ಆಂಪ್ಲಿಫೈಯರ್

ರೇಡಿಯೋ ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರು ರಾಜಾಜಿನಗರದ ನಮ್ಮ ಮನೆಯಲ್ಲಿ ಒಂದು ರಾತ್ರಿ ಅಮ್ಮ ಎದ್ದು ಬಂದು, "ಇಷ್ಟು ಹೊತ್ತಲ್ಲಿ ರೇಡಿಯೋ ಯಾಕೋ ಹಾಕಿದ್ದೀಯ?" ಅಂದರು. ನಾನು ರೇಡಿಯೋ ಹಾಕಿರಲಿಲ್ಲ. ನನ್ನ ಮುಂದೆ ಇದ್ದದ್ದು ಆಗಷ್ಟೇ ಬೆಸುಗೆ ಹಾಕಿ ಮುಗಿಸಿದ ಗಿಟಾರ್ ಆಂಪ್ಲಿಫೈಯರ್. ಗಿಟಾರ್ ಗೋಡೆಗೆ ಒರಗಿಕೊಂಡಿತ್ತು. ಆದರೂ ಸ್ಪೀಕರ್‌ನಲ್ಲಿ ಯಾರೋ ಸಣ್ಣ ದನಿಯಲ್ಲಿ ಕನ್ನಡ ವಾರ್ತೆ ಓದುತ್ತಿದ್ದರು.

ಅದು ಹೇಗಾಯಿತು ಅಂತ ಆಮೇಲೆ ಹೇಳುತ್ತೇನೆ.

ವೀಣೆಗೆ ಕೊಡ ಇದೆ, ಮಾಮೂಲಿ ಗಿಟಾರಿಗೆ ಟೊಳ್ಳು ಹೊಟ್ಟೆ ಇದೆ. ಎಲೆಕ್ಟ್ರಿಕ್ ಗಿಟಾರಿಗೆ ಎರಡೂ ಇಲ್ಲ, ಬರೀ ಹಲಗೆ. ತಂತಿಯ ಕೆಳಗೆ ಪಿಕಪ್ ಅಂತ ಒಂದು ಭಾಗ ಇರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲೆ ಸ್ಟೀಲ್ ತಂತಿ ಅಲುಗಿದರೆ ಇಲ್ಲಿ ಒಂದಿಷ್ಟು ಮಿಲಿವೋಲ್ಟ್ ಹುಟ್ಟುತ್ತದೆ. ಅಷ್ಟರಿಂದ ಸ್ಪೀಕರ್ ಮಾತಾಡುವುದಿಲ್ಲ. ಅದನ್ನು ದೊಡ್ಡದು ಮಾಡಿಕೊಡುವುದಕ್ಕೇ ಆಂಪ್ಲಿಫೈಯರ್ ಬೇಕು.

ಅಂಗಡಿಯಲ್ಲಿ ಸಿಗುತ್ತಲ್ವಾ, ಮನೆಯಲ್ಲಿ ಯಾಕೆ ಮಾಡಬೇಕು? ದುಡ್ಡು ಉಳಿಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ನಾನು ಸುಟ್ಟುಹಾಕಿದ ಐಸಿ ಚಿಪ್‌ಗಳು, ಎಸ್‌.ಪಿ. ರಸ್ತೆಗೆ ಹೋಗಿಬರುವ ಆಟೋ, ಎಲ್ಲ ಕೂಡಿಸಿದರೆ ಹೊಸದೇ ಬರುತ್ತಿತ್ತು. ಆದರೆ ಎಸ್‌.ಪಿ. ರಸ್ತೆಗೆ ಹೋಗುವುದೇ ಒಂದು ಖುಷಿ. ಟೌನ್‌ಹಾಲ್ ಕಡೆಯಿಂದ ನಡೆದು ಹೋದರೆ ಸಾಲಾಗಿ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಗೋಡೆ ತುಂಬ ಪುಟ್ಟ ಪುಟ್ಟ ಡ್ರಾಯರ್. ಮೊದಲ ಸಲ ಹೋದಾಗ "ಹತ್ತು ಕೆ ರೆಸಿಸ್ಟರ್ ಕೊಡಿ" ಅಂದೆ. ಕರೆಂಟಿಗೆ ತಡೆ ಒಡ್ಡುವ ಬಿಡಿಭಾಗ ಅದು. "ಕ್ವಾರ್ಟರ್ ವ್ಯಾಟಾ, ಹಾಫ್ ವ್ಯಾಟಾ ಸಾರ್?" ಅಂದರು. ನಾನು ಸುಮ್ನೆ ನಿಂತೆ. ನನ್ನ ಮುಖ ನೋಡಿ ಅವರೇ ಕ್ವಾರ್ಟರ್ ವ್ಯಾಟಿನದು ಎಣಿಸಿಕೊಟ್ಟರು.

ನಾನು ಮಾಡಿದ್ದು ಎಲ್‌ಎಂ386 ಅನ್ನುವ ಐಸಿಯ ಆಂಪ್ಲಿಫೈಯರ್. ಎಂಟು ಕಾಲಿನ ಕರೀ ಹುಳದ ಹಾಗೆ ಕಾಣುತ್ತದೆ. 9 ವೋಲ್ಟ್ ಬ್ಯಾಟರಿ ಸಾಕು. ಬಂದ ಸಂಕೇತವನ್ನು 20 ಪಟ್ಟು ಹಿಗ್ಗಿಸುತ್ತದೆ. ಒಂದನೇ ಕಾಲಿಗೂ ಎಂಟನೇ ಕಾಲಿಗೂ ನಡುವೆ 10 ಮೈಕ್ರೋಫ್ಯಾರಡ್ ಕಂಡೆನ್ಸರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಬಿಡಿಭಾಗ, ಹಾಕಿದರೆ 200 ಪಟ್ಟು. ಹೊರಗೆ ಬರುವುದು ಅರ್ಧ ವ್ಯಾಟ್ ಆಸುಪಾಸು. ಒಂದು ರೂಮಿಗೆ ಧಾರಾಳ.

ಬೆಸುಗೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಐರನ್ನಿನ ತುದಿಯನ್ನು ಬೋರ್ಡಿಗೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಬೇಕು. ಎರಡೂ ಬಿಸಿಯಾಗುವವರೆಗೆ ಒಂದೆರಡು ಸೆಕೆಂಡ್ ಕಾಯಬೇಕು. ಆಮೇಲೆ ಸೋಲ್ಡರ್ ತಂತಿಯನ್ನು ಐರನ್ನಿಗಲ್ಲ, ಆ ಸಂದಿಗೆ ಮುಟ್ಟಿಸಬೇಕು. ರಾಳದ ಹೊಗೆ ಒಂದೆಳೆ ಮೇಲೇಳುತ್ತದೆ. ಲೋಹ ಕರಗಿ ಕಾಲಿನ ಸುತ್ತ ಸರಕ್ಕನೆ ಹರಿಯುತ್ತದೆ. ಐರನ್ ತೆಗೆದು, ಕೈ ಅಲ್ಲಾಡಿಸದೆ, ಉಸಿರು ಬಿಗಿಹಿಡಿದು ಕೂರಬೇಕು. ಹೊಳೆದರೆ ಗೆದ್ದಿರಿ. ಮಂಕಾಗಿ ಉಂಡೆ ಕಟ್ಟಿದರೆ ಡ್ರೈ ಸೋಲ್ಡರ್, ಮತ್ತೆ ಮಾಡಿ.

ಆಫೀಸಿನಲ್ಲಿ ನನ್ನ ಕೆಲಸ ಯಾವತ್ತೂ ಮುಗಿಯುವುದಿಲ್ಲ, ನಾಳೆಗೆ ಉಳಿದೇ ಇರುತ್ತದೆ. ಇಲ್ಲಿ ಎರಡು ಸೆಕೆಂಡಿಗೆ ಒಂದು ಕೆಲಸ ಮುಗಿಯುತ್ತದೆ, ಮುಗಿಯಿತು ಅಂತ ಕಣ್ಣಿಗೇ ಕಾಣುತ್ತದೆ. ಬಿಸಿ ಐರನ್ ಕೈಯಲ್ಲಿದ್ದಾಗ ಫೋನ್ ಮುಟ್ಟುವ ಹಾಗೂ ಇಲ್ಲ. ಏಳು ಗಂಟೆಗೆ ಕೂತವನು ತಲೆ ಎತ್ತಿದರೆ ಹತ್ತೂವರೆ. ಸಾರು ತಣ್ಣಗಾಗಿರುತ್ತದೆ.

ಇಷ್ಟೆಲ್ಲ ಆಗಿ ಮೊದಲ ಸಲ ಗಿಟಾರ್ ಚುಚ್ಚಿದಾಗ ದನಿ ಬಂತು, ಆದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ. ಐಸಿಯ ಬಾಗಿಲು ಗಿಟಾರಿಗೆ ತುಂಬಾ ಭಾರ. ಅದರ ಇನ್‌ಪುಟ್ ತಡೆ 50 ಕಿಲೋ ಓಮ್ ಮಾತ್ರ. ತಡೆ ಕಡಿಮೆಯಾದಷ್ಟೂ ಪಿಕಪ್ ಮೇಲೆ ಹೊರೆ ಜಾಸ್ತಿ. ಪಿಕಪ್‌ಗೆ ಬೇಕಾದದ್ದು ಒಂದು ಮೆಗಾ ಓಮ್ ಆಸುಪಾಸು. ಇನ್‌ಪುಟ್ ತಡೆ ತುಂಬಾ ಹೆಚ್ಚಿರುವ ಜೆಫೆಟ್ ಅನ್ನುವ ಟ್ರಾನ್ಸಿಸ್ಟರ್ ಒಂದನ್ನು ನಡುವೆ ಹಾಕಿದೆ. ತಂತಿಯ ಚುರುಕು ದನಿ ಹೊರಗೆ ಬಂತು. ಆವತ್ತು ರಾತ್ರಿಯೇ ವಾರ್ತೆಯೂ ಬಂತು.

ಕಾರಣ ಸರಳ. ಇನ್‌ಪುಟ್‌ಗೆ ಮೊಳದುದ್ದ ಮಾಮೂಲಿ ವೈರ್ ಬಿಟ್ಟಿದ್ದೆ. ಅದೇ ಏರಿಯಲ್ ಆಯಿತು. ಮೀಡಿಯಂ ವೇವ್‌ನಲ್ಲಿ ದನಿಗೆ ತಕ್ಕ ಹಾಗೆ ಅಲೆ ಎತ್ತರವೂ ತಗ್ಗೂ ಆಗುತ್ತದೆ. ಟ್ರಾನ್ಸಿಸ್ಟರ್ ಆ ಅಲೆಯ ಒಂದು ಮಗ್ಗುಲನ್ನು ಜಾಸ್ತಿ, ಇನ್ನೊಂದನ್ನು ಕಡಿಮೆ ಹಿಗ್ಗಿಸಿದರೆ ಸಾಕು, ದನಿ ಬೇರೆಯಾಗುತ್ತದೆ. 612 ಕಿಲೋಹರ್ಟ್ಸ್‌ನಲ್ಲಿ ಬರುವ ಬೆಂಗಳೂರು ಆಕಾಶವಾಣಿ ಕರೆಯದೇ ನನ್ನ ಮೇಜಿಗೆ ಬಂದಿತ್ತು.

ಪರಿಹಾರ ಏನಪ್ಪಾ ಅಂದರೆ ಲೋಹದ ಜಾಲರಿ ಹೊದಿಸಿದ ಶೀಲ್ಡ್ ವೈರ್, ಇನ್‌ಪುಟ್‌ನಲ್ಲಿ 100 ಪಿಕೋಫ್ಯಾರಡ್ ಕಂಡೆನ್ಸರ್, ಮೇಲೊಂದು ಲೋಹದ ಪೆಟ್ಟಿಗೆ. ಅಡುಗೆಮನೆಯಲ್ಲಿ ಸರಿಯಾದ ಅಳತೆಯ ಸ್ಟೀಲ್ ಡಬ್ಬ ಸಿಕ್ಕಿತು. ಚಕ್ಕುಲಿಯನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ಡಬ್ಬ ಕೊರೆದೆ. ಗ್ರೌಂಡ್ ವೈರನ್ನು ಡಬ್ಬಕ್ಕೆ ಸೇರಿಸಿದ ತಕ್ಷಣ ವಾರ್ತೆಯೂ ಹೋಯಿತು, ಮನೆ ವೈರಿಂಗಿನಿಂದ ಬರುತ್ತಿದ್ದ 50 ಹರ್ಟ್ಸ್ ಗುಂಯ್ ಸದ್ದೂ ತಗ್ಗಿತು. ಚಕ್ಕುಲಿ ಮೆತ್ತಗಾಯಿತು. ಅಮ್ಮ ಆ ಡಬ್ಬವನ್ನು ಇವತ್ತಿಗೂ ಮರೆತಿಲ್ಲ.

ಇನ್ನೊಂದು ತಮಾಷೆ. ಸಂಕೇತ ಜಾಸ್ತಿಯಾದಾಗ ಐಸಿಗೆ ತಾಳಲಾಗದೆ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ, ದನಿ ಒಡೆದು ಕರಕರ ಅನ್ನುತ್ತದೆ. ಭಕ್ತಿಗೀತೆಗೆ ಅದು ದೋಷ. ಗಿಟಾರಿನವರಿಗೆ ಅದೇ ರುಚಿ.

ಈಗ ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್ ಹಾಕಿ ಆಂಪ್ಲಿಫೈಯರ್ ಮಾಡುವ ಆಸೆ ಬಂದಿದೆ. ನಮ್ಮ ಜಾಲಹಳ್ಳಿಯ ಬಿಇಎಲ್, ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ, ಶುರುವಾದದ್ದು 1954ರಲ್ಲಿ. ಒಂದು ಕಾಲಕ್ಕೆ ಅಲ್ಲಿ ರೇಡಿಯೋ ವಾಲ್ವ್‌ಗಳೂ ತಯಾರಾಗುತ್ತಿದ್ದವು. ಅದರಲ್ಲಿ ಇಸಿಸಿ83 ಅನ್ನುವುದು ಗಿಟಾರ್ ಲೋಕದಲ್ಲಿ 12ಎಎಕ್ಸ್7 ಅಂತ ಹೆಸರಾದ ವಾಲ್ವೇ. ಆದರೆ ಹೊಸಬರು ಅದಕ್ಕೆ ಕೈ ಹಾಕಬೇಡಿ. ಅಲ್ಲಿ ಓಡುವುದು 300 ವೋಲ್ಟ್. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರುತ್ತದೆ. ಗೊತ್ತಿರುವವರು ಪಕ್ಕದಲ್ಲಿರಲಿ. ನಾನೂ ಹಾಗೆ ಒಬ್ಬರನ್ನು ಹುಡುಕುತ್ತಿದ್ದೇನೆ.

ಅಲ್ಲಿಯವರೆಗೆ ಇನ್ನೊಂದು ಎಲ್‌ಎಂ386 ಬೋರ್ಡ್ ಮಾಡಿಟ್ಟಿದ್ದೇನೆ. ಶೀಲ್ಡ್ ಇಲ್ಲ, ಡಬ್ಬ ಇಲ್ಲ, ಬೇಕೆಂದೇ ಉದ್ದ ವೈರ್ ಬಿಟ್ಟಿದ್ದೇನೆ. ಈ ಭಾಷಣ ಪ್ರಸಾರವಾಗುವ ಹೊತ್ತಿಗೆ ಅದಕ್ಕೆ ಬ್ಯಾಟರಿ ಹಾಕಿ, ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಹಿಡಿಯುತ್ತೋ ಇಲ್ಲವೋ ನೋಡೋಣ.

ನಮಸ್ಕಾರ.